ಗೇರಿಲ್ಲದ ಸೈಕಲ್ಲಿನ ಕೂಲಿ ಲೆಕ್ಕ

ಮೈಸೂರಿನಲ್ಲಿ ಸೈಕಲ್ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳಿವು. ಮೇಜಿನ ಮೇಲೆ ಸೈಕಲ್ಲೊಂದನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಹೇಳಿದ್ದನ್ನು ಓದುವುದಕ್ಕೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತಿಗಿಂತ ಮೊದಲು ಈ ಸೈಕಲ್ಲನ್ನು ನೋಡಿಬಿಡಿ. ಪೆಡಲನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ತಿರುಗಿಸುತ್ತಿದ್ದೇನೆ, ಹಿಂದಿನ ಚಕ್ರ ಮುಂದಕ್ಕೆ ತಿರುಗುತ್ತಿದೆ. ಇದು ಎಲ್ಲ ಸೈಕಲ್ಲೂ ಮಾಡುವ ಕೆಲಸ. ಈಗ ಕೈ ತೆಗೆದೆ. ಚಕ್ರದ ಜೊತೆಗೆ ಪೆಡಲೂ ತಾನಾಗಿಯೇ ಸುತ್ತುತ್ತಿದೆ. ಟಿಕ್ ಟಿಕ್ ಸದ್ದಿಲ್ಲ. ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಚಕ್ರವೂ ಹಿಂದಕ್ಕೆ ಹೋಗುತ್ತದೆ. ಚಕ್ರ ನಿಂತರೆ ಕಾಲು ನಿಲ್ಲಬೇಕು, ಚಕ್ರ ಓಡಿದರೆ ಕಾಲು ಓಡಬೇಕು.

ಇದಕ್ಕೆ ಫಿಕ್ಸೆಡ್ ಗೇರ್ ಸೈಕಲ್ ಎನ್ನುತ್ತಾರೆ. ಹಿಂದಿನ ಚಕ್ರದ ನಡುವಿನ ಹಬ್ಬಿಗೆ ಹಲ್ಲುಚಕ್ರವನ್ನು ನೇರವಾಗಿ ತಿರುಗಿಸಿ ಬಿಗಿದಿದ್ದಾರೆ, ತುಳಿತ ನಿಲ್ಲಿಸಿದರೂ ಚಕ್ರವನ್ನು ತನ್ನಷ್ಟಕ್ಕೆ ಸುತ್ತಲು ಬಿಡುವ ಫ್ರೀವೀಲ್ ನಡುವೆ ಇಲ್ಲ. ಫ್ರೀವೀಲ್ ಇದ್ದು ಗೇರ್ ಮಾತ್ರ ಒಂದೇ ಇದ್ದರೆ ಅದು ಸಿಂಗಲ್ ಸ್ಪೀಡ್. ನಮ್ಮ ಹಾಲಿನವರ, ಪೇಪರ್ ಹಾಕುವ ಹುಡುಗರ, ಅಂಚೆಯಣ್ಣನ ಸೈಕಲ್ಲುಗಳೆಲ್ಲ ಸಿಂಗಲ್ ಸ್ಪೀಡ್. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ, ಲಂಡನ್, ಟೊರಾಂಟೊದಂಥ ನಗರಗಳಲ್ಲಿ ಕಾಗದಪತ್ರ ಹೊತ್ತು ಓಡಾಡುವ ಸೈಕಲ್ ಮೆಸೆಂಜರ್‌ಗಳಲ್ಲಿ ಬಹಳ ಮಂದಿ ಈ ಎರಡು ಬಗೆಯ ಸೈಕಲ್ಲುಗಳನ್ನು ಮೆಚ್ಚಿಕೊಂಡರು. ಇಪ್ಪತ್ತು ಗೇರ್‌ಗಳ ಸೈಕಲ್ ಅಂಗಡಿಯಲ್ಲಿ ಸಿಗುವಾಗ, ದಿನವಿಡೀ ಪೆಡಲ್ ತುಳಿದೇ ಅನ್ನ ಸಂಪಾದಿಸುವವರು ಗೇರಿಲ್ಲದ್ದನ್ನು ಏಕೆ ಆರಿಸಿಕೊಂಡರು? ಇವತ್ತು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆ.

ಈ ಪ್ರಶ್ನೆ ನನ್ನನ್ನು ಹಿಡಿದದ್ದಕ್ಕೆ ಕಾರಣವಿದೆ. ತಿಪಟೂರಿನಲ್ಲಿ ನಮ್ಮ ತಂದೆಯವರದು ಸೈಕಲ್ ಶಾಪ್. ಗಂಟೆಗಿಷ್ಟು ಎಂದು ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು, ಪಂಕ್ಚರ್ ಹಾಕುತ್ತಿದ್ದರು. ಶಾಲೆ ಬಿಟ್ಟ ಮೇಲೆ ನನ್ನ ಕೆಲಸ ಫ್ರೀವೀಲ್ ತೊಳೆಯುವುದು. ಧೂಳು ತಿಂದು ಗಟ್ಟಿಯಾದ ಗ್ರೀಸಿನಲ್ಲಿ ಒಳಗಿನ ಪುಟ್ಟ ಕೊಕ್ಕೆಗಳು ಅಂಟಿಕೊಂಡುಬಿಡುತ್ತವೆ. ಆಗ ಪೆಡಲ್ ಎಷ್ಟು ತುಳಿದರೂ ಸುಮ್ಮನೆ ಸುತ್ತುತ್ತದೆ, ಸೈಕಲ್ ಮುಂದೆ ಹೋಗುವುದಿಲ್ಲ. ಸೀಮೆಎಣ್ಣೆ ಬಿಟ್ಟು, ತಿರುಗಿಸಿ, ಕಿವಿಯ ಹತ್ತಿರ ಹಿಡಿದರೆ ಕೊಕ್ಕೆಗಳ ಸದ್ದು ಒಂದೊಂದಾಗಿ ಮರಳಿ ಬರುತ್ತಿತ್ತು. ಫ್ರೀವೀಲ್ ಇಲ್ಲದ ಸೈಕಲ್ ಇರಬಹುದೆಂದು ಆಗ ನನಗೆ ತೋಚಿರಲೇ ಇಲ್ಲ.

1998ರಲ್ಲಿ, ಕಂಪ್ಯೂಟರುಗಳಿಗೆ 2000ನೇ ಇಸವಿಯ ಭಯ ಹಿಡಿದಿದ್ದ ಕಾಲದಲ್ಲಿ, ಬೆಂಗಳೂರಿನಿಂದ ಹೋದ ನೂರಾರು ಜನರಂತೆ ನಾನೂ ನ್ಯೂಯಾರ್ಕಿಗೆ ಹೋದೆ. ಮ್ಯಾನ್‌ಹಾಟನ್ನಿನ ಕಚೇರಿಯೊಂದರಲ್ಲಿ ಕೆಲಸ. ನಮ್ಮ ಮಹಡಿಗೆ ದಿನಕ್ಕೆ ನಾಲ್ಕಾರು ಬಾರಿ ಮೆಸೆಂಜರ್‌ಗಳು ಬರುತ್ತಿದ್ದರು. ಒಂದೇ ಹೆಗಲಿಗೆ ಅಡ್ಡ ಹಾಕಿದ ಚೀಲ, ಒಂದು ಕಾಲಿನ ಪ್ಯಾಂಟು ಮೊಣಕಾಲಿನವರೆಗೆ ಮಡಚಿರುವುದು, ಸೊಂಟದಲ್ಲಿ ಭಾರದ ಬೀಗ. ಸಹಿ ಹಾಕಿಸಿಕೊಂಡು, ಲಿಫ್ಟಿನ ಗುಂಡಿ ಒತ್ತಿ, ಕಾಲು ಕುಣಿಸುತ್ತ ನಿಲ್ಲುತ್ತಿದ್ದರು. ಒಂದು ಮಧ್ಯಾಹ್ನ ಕೆಳಗೆ ಕಂಬಕ್ಕೆ ಬೀಗ ಹಾಕಿದ್ದ ಅವರ ಸೈಕಲ್ಲನ್ನು ಸೈಕಲ್ ಶಾಪಿನ ಮಗನ ಕಣ್ಣಿಂದ ನೋಡಿದೆ. ಬ್ರೇಕ್ ತಂತಿ ಕಾಣಲಿಲ್ಲ. ಗೇರ್ ಬದಲಿಸುವ ತೋಳು ಕಾಣಲಿಲ್ಲ. ಸೀಟನ್ನು ಹಳೆಯ ಚೈನಿನಿಂದ ಫ್ರೇಮಿಗೆ ಕಟ್ಟಿದ್ದರು. ಅದನ್ನು ಓಡಿಸುವವನು ಟ್ರಿನಿಡಾಡಿನವನು. ಕೇಳಿದಾಗ ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಿ ತೋರಿಸಿದ, ಈಗ ನಾನು ನಿಮಗೆ ತೋರಿಸಿದ ಹಾಗೆಯೇ. ಮಾತಿಗೆ ಅವನಿಗೆ ಹೊತ್ತಿರಲಿಲ್ಲ. ಹೊತ್ತಿಲ್ಲದಿರುವುದರಲ್ಲೇ ನನ್ನ ಪ್ರಶ್ನೆಗೆ ಅರ್ಧ ಉತ್ತರವಿತ್ತೆಂದು ತಿಳಿದದ್ದು ಬಹಳ ದಿನಗಳ ಮೇಲೆ.

ಅವರ ಕೂಲಿ ಹೇಗೆಂದು ನೋಡಿ. ಬಹುಪಾಲು ಮೆಸೆಂಜರ್‌ಗಳಿಗೆ ತಿಂಗಳ ಸಂಬಳವಿರಲಿಲ್ಲ. ಮುಟ್ಟಿಸಿದ ಒಂದೊಂದು ಲಕೋಟೆಗೆ ಇಷ್ಟು ಎಂಬ ಲೆಕ್ಕ. ಕಾಗದದ ಮೇಲೆ ಅವರು ಸ್ವತಂತ್ರ ಗುತ್ತಿಗೆದಾರರು. ಸೈಕಲ್ ಅವರದು, ಟೈರ್ ಅವರದು, ರಿಪೇರಿ ಖರ್ಚೂ ಅವರದೇ. ಹೊರುತ್ತಿದ್ದದ್ದು ನ್ಯಾಯಾಲಯಕ್ಕೆ ಸಂಜೆಯೊಳಗೆ ಸಲ್ಲಿಸಬೇಕಾದ ದಾವೆಯ ಕಾಗದ, ಜಾಹೀರಾತು ಸಂಸ್ಥೆಯಿಂದ ಮುದ್ರಣಾಲಯಕ್ಕೆ ಹೋಗುವ ಕಲಾಕೃತಿ, ಕಟ್ಟಡದ ನಕ್ಷೆ, ಮೂಲ ಸಹಿಯೇ ಬೇಕಾದ ಒಪ್ಪಂದ. ತಡವಾದರೆ ಬೆಲೆಯಿಲ್ಲದ ವಸ್ತುಗಳು. ಸೈಕಲ್ ಕೆಟ್ಟು ಒಂದು ಗಂಟೆ ನಿಂತರೆ ಆ ಗಂಟೆಯ ಕೂಲಿ ಹೋಯಿತು, ಬಿಡಿಭಾಗಕ್ಕೆ ಕೊಟ್ಟ ದುಡ್ಡು ಬೇರೆ, ಮುಂದಿನ ಒಳ್ಳೆಯ ಬಾಡಿಗೆಯೂ ಇನ್ನೊಬ್ಬನ ಪಾಲಾಯಿತು. ಇಂಥವರು ಸೈಕಲ್ ಆರಿಸುವಾಗ ಮೊದಲು ಕೇಳಿಕೊಳ್ಳುವ ಪ್ರಶ್ನೆ ಎಷ್ಟು ವೇಗ ಎಂಬುದಲ್ಲ, ಏನೇನು ಕೆಡಬಹುದು ಎಂಬುದು.

ಗೇರ್ ಸೈಕಲ್ಲಿನಲ್ಲಿ ಕೆಡುವುದಕ್ಕೆ ಬಹಳ ಇದೆ. ಹಿಂದಿನ ಚಕ್ರದ ಪಕ್ಕದಲ್ಲಿ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ನೇತಾಡುತ್ತಿರುತ್ತದೆಯಲ್ಲ, ಅದನ್ನು ಫ್ರೇಮಿಗೆ ಹಿಡಿದಿಡುವುದು ನಾಲಗೆಯಂಥ ಒಂದು ಸಣ್ಣ ಲೋಹದ ತುಂಡು. ಮೆಸೆಂಜರ್ ದಿನಕ್ಕೆ ಹತ್ತಾರು ಸಲ ಸೈಕಲ್ಲನ್ನು ಕಂಬಕ್ಕೆ ಒರಗಿಸುತ್ತಾನೆ. ಪಕ್ಕದ ಸೈಕಲ್ ಬಿದ್ದು ಆ ನಾಲಗೆ ಒಂದೆರಡು ಮಿಲಿಮೀಟರ್ ಬಾಗಿದರೆ ಸಾಕು, ಚೈನ್ ಹೇಳಿದ ಹಲ್ಲಿನ ಮೇಲೆ ಕೂರುವುದಿಲ್ಲ. ಚಳಿಗಾಲದಲ್ಲಿ ನ್ಯೂಯಾರ್ಕಿನ ರಸ್ತೆಗಳಿಗೆ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ತಂತಿಯ ಕವಚದೊಳಗೆ ಇಳಿದು ತುಕ್ಕು ಹಿಡಿಸುತ್ತದೆ. ಹತ್ತು ಹಲ್ಲುಚಕ್ರಗಳ ನಡುವೆ ಓಡಾಡಬೇಕಾದ ಚೈನ್ ತೆಳ್ಳಗಿರುತ್ತದೆ, ಓರೆಯಾಗಿ ಎಳೆಯಲ್ಪಡುತ್ತದೆ, ಬೇಗ ಸವೆಯುತ್ತದೆ. ಒಂದೇ ಗೇರಿನ ಸೈಕಲ್ಲಿನಲ್ಲಿ ಚೈನ್ ದಪ್ಪ, ಅದರ ದಾರಿ ನೇರ. ಸಡಿಲವಾದರೆ ಹಿಂದಿನ ಚಕ್ರದ ನಟ್ ಸಡಿಲಿಸಿ, ಚಕ್ರವನ್ನು ಹಿಂದಕ್ಕೆ ಎಳೆದು, ಮತ್ತೆ ಬಿಗಿದರಾಯಿತು. ಒಂದು ಸ್ಪ್ಯಾನರ್, ಎರಡು ನಿಮಿಷ. ಕಳ್ಳರು ಬಿಚ್ಚಿಕೊಂಡು ಹೋಗುವುದಕ್ಕೂ ಹೆಚ್ಚು ಸಾಮಾನಿರುವುದಿಲ್ಲ.

ನಮ್ಮ ಅಂಗಡಿಗೆ ಬರುತ್ತಿದ್ದ ಹಾಲಿನವರ ಲೆಕ್ಕವೂ ಇದೇ. ಎರಡು ಕ್ಯಾನ್ ಕಟ್ಟಿಕೊಂಡು ನಸುಕಿಗೆ ಹೊರಡುವ ಆ ಮನುಷ್ಯನ ಸೈಕಲ್ ನಿಂತರೆ ಹಾಲು ಕಾಯುವುದಿಲ್ಲ. ಅವರು ಬಂದು, ‘ಗಟ್ಟಿ ಇರೋದು ಹಾಕಿ’ ಎಂದಷ್ಟೇ ಹೇಳುತ್ತಿದ್ದರು. ಮ್ಯಾನ್‌ಹಾಟನ್ನಿನ ಮೆಸೆಂಜರನನ್ನು ಕಂಡಾಗ ನನಗೆ ಹೊಸ ಜಾತಿಯ ಮನುಷ್ಯನನ್ನು ಕಂಡ ಹಾಗೆ ಅನ್ನಿಸಲಿಲ್ಲ. ಆ ಹಾಲಿನವರೇ ನೆನಪಾದರು.

ಹಾಗಾದರೆ ಗೇರ್ ಬೇಡವೇ ಎಂದು ಕೇಳಬಹುದು. ಅದಕ್ಕೆ ನೆಲ ಉತ್ತರ ಹೇಳುತ್ತದೆ. ಮೆಸೆಂಜರ್‌ಗಳ ಕೆಲಸ ಹೆಚ್ಚಾಗಿ ನಡೆಯುತ್ತಿದ್ದ ಮ್ಯಾನ್‌ಹಾಟನ್ನಿನ ಮಿಡ್‌ಟೌನ್ ಮತ್ತು ವಾಲ್ ಸ್ಟ್ರೀಟ್ ಸುತ್ತಲಿನ ಭಾಗಗಳು ಹೆಚ್ಚುಕಡಿಮೆ ಸಮತಟ್ಟು. ಏರಿಳಿತಕ್ಕೆ ಹೆಸರಾದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೂಡ ಬ್ಯಾಂಕು, ವಕೀಲರ ಕಚೇರಿಗಳಿರುವ ವಾಣಿಜ್ಯ ಪ್ರದೇಶದ ಬಹುಭಾಗ ಕೊಲ್ಲಿಯ ಅಂಚನ್ನು ತುಂಬಿ ಮಾಡಿದ ಚಪ್ಪಟೆ ನೆಲ. 1811ರ ಯೋಜನೆಯಂತೆ ಗೆರೆ ಎಳೆದ ಮ್ಯಾನ್‌ಹಾಟನ್ನಿನ ಬೀದಿಗಳಲ್ಲಿ ಉತ್ತರ ದಕ್ಷಿಣವಾಗಿ ಹೋದರೆ ಒಂದು ಮೈಲಿಗೆ ಸುಮಾರು ಇಪ್ಪತ್ತು ಅಡ್ಡರಸ್ತೆ ಸಿಗುತ್ತವೆ. ಅಷ್ಟು ಕಡೆ ಸಿಗ್ನಲ್, ಅಷ್ಟು ಕಡೆ ಅಡ್ಡ ಬರುವ ಟ್ಯಾಕ್ಸಿ. ಡಿರೇಲರ್ ಗೇರನ್ನು ಬದಲಿಸಬೇಕಾದರೆ ಪೆಡಲ್ ತಿರುಗುತ್ತಿರಬೇಕು. ವೇಗದ ಗೇರಿನಲ್ಲಿರುವಾಗ ಟ್ಯಾಕ್ಸಿಯ ಬಾಗಿಲು ತಟ್ಟನೆ ತೆರೆದು ನಿಲ್ಲಬೇಕಾಯಿತೆಂದರೆ, ಮತ್ತೆ ಹೊರಡುವಾಗ ಅದೇ ಭಾರದ ಗೇರಿನಲ್ಲಿ ಮೈಯೆಲ್ಲ ಹಾಕಿ ತುಳಿಯಬೇಕು. ಒಂದೇ ಗೇರ್ ಇದ್ದರೆ ಆ ಯೋಚನೆಯೇ ಇಲ್ಲ. ಮುಂದೆ 48 ಹಲ್ಲು, ಹಿಂದೆ 16 ಹಲ್ಲು ಎಂದುಕೊಳ್ಳಿ. ಪೆಡಲ್ ಒಂದು ಸುತ್ತಿಗೆ ಚಕ್ರ ಮೂರು ಸುತ್ತು, ಸುಮಾರು 6.3 ಮೀಟರ್ ದೂರ. ನಿಮಿಷಕ್ಕೆ 66 ಸುತ್ತು ತುಳಿದರೆ ಗಂಟೆಗೆ 25 ಕಿಲೋಮೀಟರ್. ಬಿರುಸಾಗಿ 85 ಸುತ್ತು ತುಳಿದರೆ 32. ನಗರದ ಸಂಚಾರದಲ್ಲಿ ಇದಕ್ಕಿಂತ ಹೆಚ್ಚಿನ ವೇಗಕ್ಕೆ ಜಾಗವೇ ಇರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸಿಂಗಲ್ ಸ್ಪೀಡಿಗೂ ಸಲ್ಲುತ್ತದೆ. ಫ್ರೀವೀಲನ್ನೂ ಕಿತ್ತುಹಾಕಿದ್ದು ಏಕೆ? ಕೂಲಿಯ ಲೆಕ್ಕ ನಮ್ಮನ್ನು ಅರ್ಧ ದಾರಿಯವರೆಗೆ ಕರೆದೊಯ್ಯುತ್ತದೆ, ಉಳಿದದ್ದಕ್ಕೆ ಚರಿತ್ರೆ ಮತ್ತು ಕಾಲಿನ ಅನುಭವ ಎರಡೂ ಬೇಕು.

ಮೊದಲ ಸೈಕಲ್ಲುಗಳೆಲ್ಲ ಫಿಕ್ಸೆಡ್ಡೇ. ದೊಡ್ಡ ಮುಂಚಕ್ರದ ಹಳೆಯ ಸೈಕಲ್ಲಿನಲ್ಲಿ ಪೆಡಲ್ ನೇರವಾಗಿ ಚಕ್ರದ ನಡುವಿಗೇ ಜೋಡಿಸಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ತಂದ ಮೇಲೆ ಚೈನ್ ಹಿಂದಿನ ಚಕ್ರವನ್ನು ಓಡಿಸತೊಡಗಿತು, ಆದರೂ ಕಾಲಿಗೆ ಬಿಡುವಿರಲಿಲ್ಲ. ಫ್ರೀವೀಲ್ ಬಳಕೆಗೆ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ. ಟೂರ್ ದ ಫ್ರಾನ್ಸ್ ಸ್ಪರ್ಧೆ ಕಟ್ಟಿದ ಆನ್ರಿ ದೆಗ್ರಾಂಜ್ ಗೇರುಗಳನ್ನು ಎಷ್ಟು ಒಲ್ಲದ ಮನುಷ್ಯನೆಂದರೆ, 1937ರವರೆಗೂ ಆ ಸ್ಪರ್ಧೆಯಲ್ಲಿ ಡಿರೇಲರಿಗೆ ಪ್ರವೇಶವಿರಲಿಲ್ಲ. ಬೆಟ್ಟ ಬಂದಾಗ ಸವಾರರು ಇಳಿದು, ಹಿಂದಿನ ಚಕ್ರ ಬಿಚ್ಚಿ, ಅದರ ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನ್ ಹಾಕಿಕೊಳ್ಳುತ್ತಿದ್ದರು. ಎರಡೂ ಬದಿಯಲ್ಲಿ ಹಲ್ಲುಚಕ್ರ ಕೂರಿಸುವ ಹಬ್ ಇಂದಿಗೂ ಉಳಿದಿದೆ. ಈ ಸೈಕಲ್ಲಿನದೂ ಅಂಥದೇ. ಈ ಕಡೆ ಫಿಕ್ಸೆಡ್, ಆ ಕಡೆ ಫ್ರೀವೀಲ್. ಚಕ್ರ ತಿರುವಿ ಹಾಕಿದರೆ ನಿಮ್ಮ ಊರಿನ ಸೈಕಲ್.

ರಸ್ತೆಯಿಂದ ಮರೆಯಾದ ಮೇಲೂ ಫಿಕ್ಸೆಡ್ ಗೇರ್ ಒಂದು ಕಡೆ ಬದುಕಿಕೊಂಡಿತು: ವೆಲೋಡ್ರೋಮ್ ಎಂಬ ಬಟ್ಟಲಿನಂಥ ಓಟದಂಗಳದಲ್ಲಿ. ಅಲ್ಲಿನ ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ, ಒಂದೇ ಗೇರ್, ಫ್ರೀವೀಲ್ ಇಲ್ಲ. ಜಪಾನಿನಲ್ಲಿ 1948ರಲ್ಲಿ ಕೊಕುರಾದಲ್ಲಿ ಶುರುವಾದ ಕೇರಿನ್ ಪಂದ್ಯಗಳಲ್ಲಿ ಓಡುವುದು ಈ ಸೈಕಲ್ಲೇ. ನಮ್ಮ ವಿಜಯಪುರ, ಬಾಗಲಕೋಟೆಗಳ ಹುಡುಗ ಹುಡುಗಿಯರು ರಾಷ್ಟ್ರೀಯ ಟ್ರ್ಯಾಕ್ ಪಂದ್ಯಗಳಲ್ಲಿ ಓಡಿಸುವುದೂ ಇದನ್ನೇ. ನ್ಯೂಯಾರ್ಕಿನ ಹಳೆಯ ಮೆಸೆಂಜರ್‌ಗಳು ಹೇಳುವ ಪ್ರಕಾರ, ಟ್ರಿನಿಡಾಡ್, ಜಮೈಕಾ ಮುಂತಾದ ಕೆರಿಬಿಯನ್ ದ್ವೀಪಗಳಿಂದ ಬಂದ ತರುಣರು ಊರಿನಲ್ಲಿ ಕಲಿತ ಟ್ರ್ಯಾಕ್ ಓಟವನ್ನು ತಮ್ಮೊಂದಿಗೆ ತಂದರು. ಕೈಲಿದ್ದ ಸೈಕಲ್ಲಿನಲ್ಲೇ ಕೆಲಸಕ್ಕೆ ಸೇರಿದರು, ನೋಡಿದವರು ಕಲಿತರು.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಹಾರ್ಲೆಮ್‌ನಲ್ಲಿ ಬೆಳೆದ ನೆಲ್ಸನ್ ವೇಲ್ಸ್ ಮ್ಯಾನ್‌ಹಾಟನ್ನಿನಲ್ಲಿ ಮೆಸೆಂಜರ್ ಆಗಿದ್ದವರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಟ್ರ್ಯಾಕ್ ಸ್ಪ್ರಿಂಟಿನಲ್ಲಿ ಅವರು ಬೆಳ್ಳಿ ಗೆದ್ದರು. ಲಕೋಟೆ ಹೊತ್ತ ಕಾಲುಗಳು ಒಲಿಂಪಿಕ್ ಕಟ್ಟೆ ಹತ್ತಿದ ಸುದ್ದಿ ಆ ಬೀದಿಗಳ ಹುಡುಗರಿಗೆ ಏನಾಗಿ ಕೇಳಿಸಿರಬಹುದು ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಕಾಲಿನ ಅನುಭವ. ಫಿಕ್ಸೆಡ್ ಸೈಕಲ್ಲಿನಲ್ಲಿ ವೇಗವನ್ನು ಕಾಲೇ ಹಿಡಿದಿರುತ್ತದೆ. ತುಳಿತವನ್ನು ಸ್ವಲ್ಪ ತಡೆದರೆ ಸೈಕಲ್ ಸ್ವಲ್ಪ ನಿಧಾನವಾಗುತ್ತದೆ, ಇನ್ನೂ ತಡೆದರೆ ಇನ್ನೂ ನಿಧಾನ. ಎರಡು ಬಸ್ಸುಗಳ ನಡುವಿನ ಸಂದಿಯಲ್ಲಿ ಬೇಕಾಗುವುದು ಅಂಥ ಗುಲಗಂಜಿಯಷ್ಟರ ಹೊಂದಾಣಿಕೆ. ಮಳೆ ಬಂದಾಗ ಒದ್ದೆಯಾದ ರಿಮ್ಮಿನ ಮೇಲೆ ಬ್ರೇಕ್ ರಬ್ಬರು ಜಾರುತ್ತದೆ, ಚೈನಿಗೆ ಆ ತೊಂದರೆಯಿಲ್ಲ. ಹಿಂದಿನ ಟೈರ್ ನೆಲದ ಹಿಡಿತ ಕಳೆದುಕೊಳ್ಳತೊಡಗಿದರೆ ಅದು ಪಾದಕ್ಕೆ ತಿಳಿಯುತ್ತದೆ. ಸಿಗ್ನಲ್ಲಿನಲ್ಲಿ ಪೆಡಲ್ ಪಟ್ಟಿಯಿಂದ ಪಾದ ಬಿಡಿಸದೆ, ಮುಂಚಕ್ರವನ್ನು ಓರೆ ಮಾಡಿ, ಒಂದಂಗುಲ ಮುಂದೆ, ಒಂದಂಗುಲ ಹಿಂದೆ ತೂಗುತ್ತ ನಿಂತಲ್ಲೇ ನಿಲ್ಲಬಹುದು. ಹಸಿರು ದೀಪ ಬಿದ್ದೊಡನೆ ಹೊರಟಾಯಿತು. ನಾನು ಇದನ್ನು ಕಲಿಯಲು ಒಂದು ಬೇಸಿಗೆ ಪೂರ್ತಿ ಬೇಕಾಯಿತು. ಕಲಿತ ದಿನ ಸೈಕಲ್ ನನಗೆ ಮೊದಲ ಸಲ ಒಲಿದಂತೆ ಅನ್ನಿಸಿತ್ತು, ಒಳಪೆಡಲ್ ಬಿಟ್ಟು ಸೀಟು ಹತ್ತಿದ ದಿನದ ಹಾಗೆ.

ಒಂದು ಹಲ್ಲಿನ ಕಥೆಯನ್ನೂ ಹೇಳಬೇಕು, ಇದು ನನಗೆ ಬಹಳ ಪ್ರಿಯವಾದದ್ದು. ಬ್ರೇಕಿಲ್ಲದವರು ನಿಲ್ಲಬೇಕಾದರೆ ಮೈಭಾರವನ್ನು ಮುಂದಕ್ಕೆ ಹಾಕಿ, ಕಾಲುಗಳನ್ನು ಬಿಗಿಹಿಡಿದು, ಹಿಂದಿನ ಟೈರನ್ನು ನೆಲದ ಮೇಲೆ ಉಜ್ಜಿಸುತ್ತಾರೆ. ಹೀಗೆ ಉಜ್ಜುವಾಗ ಪೆಡಲ್ ಯಾವಾಗಲೂ ಒಂದೇ ಸ್ಥಿತಿಯಲ್ಲಿರುತ್ತದೆ, ಏಕೆಂದರೆ ಪ್ರತಿಯೊಬ್ಬರಿಗೂ ಒಂದು ಕಾಲು ಮುಂದೆ ಇಡುವ ರೂಢಿ ಇರುತ್ತದೆ. 48ಕ್ಕೆ 16 ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು. ಅಂದರೆ ಪ್ರತಿ ಸಲವೂ ಟೈರಿನ ಅದೇ ಜಾಗ ನೆಲಕ್ಕೆ ಉಜ್ಜುತ್ತದೆ. ಉಳಿದ ಟೈರೆಲ್ಲ ಹೊಸದರಂತಿರುವಾಗ ಆ ಒಂದು ಕಡೆ ದಾರ ಕಾಣಿಸಿ, ಟ್ಯೂಬ್ ಒಡೆಯುತ್ತದೆ. ಹಿಂದೆ 16ರ ಬದಲು 17 ಹಲ್ಲಿನದನ್ನು ಹಾಕಿ. 48 ಮತ್ತು 17ಕ್ಕೆ ಸಾಮಾನ್ಯ ಅಪವರ್ತನವಿಲ್ಲ, ಉಜ್ಜುವ ಜಾಗ ಟೈರಿನ ಸುತ್ತ ಹದಿನೇಳು ಕಡೆ ಹಂಚಿಕೊಳ್ಳುತ್ತದೆ. ತುಳಿತದಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ, ಟೈರಿನ ಆಯಸ್ಸಿನಲ್ಲಿ ಅಗಾಧ ವ್ಯತ್ಯಾಸ. ಶಾಲೆಯಲ್ಲಿ ನಾವು ಬೇಸರದಿಂದ ಕಲಿತ ಗಣಿತ ಅಲ್ಲಿ ಟೈರಿನ ದುಡ್ಡು ಉಳಿಸುತ್ತಿತ್ತು.

ಆದರೆ ಬ್ರೇಕಿಲ್ಲದೆ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಸೈಕಲ್ಲನ್ನು ತಡೆದಾಗ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನದು ಹಗುರವಾಗುತ್ತದೆ. ಹಗುರವಾದ ಚಕ್ರ ಎಷ್ಟು ತಡೆದೀತು? ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವಾಗ ಒಳ್ಳೆಯ ಮುಂದಿನ ಬ್ರೇಕ್ ಹಿಡಿದರೆ ಒಣ ರಸ್ತೆಯಲ್ಲಿ ಸುಮಾರು 7 ಮೀಟರಿಗೆ ನಿಲ್ಲಬಹುದು. ಹಿಂದಿನ ಚಕ್ರವೊಂದನ್ನೇ ನಂಬಿದರೆ ಅದರ ಎರಡರಷ್ಟು ಬೇಕು. ನಡುವಿನ ಆ 7 ಮೀಟರಿನಲ್ಲಿ ಯಾರದೋ ಮಗು ನಿಂತಿರಬಹುದು. 2016ರಲ್ಲಿ ಲಂಡನ್ನಿನ ಓಲ್ಡ್ ಸ್ಟ್ರೀಟಿನಲ್ಲಿ ಮುಂದಿನ ಬ್ರೇಕಿಲ್ಲದ ಫಿಕ್ಸೆಡ್ ಸೈಕಲ್ ಬಡಿದು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು. ಸವಾರನಿಗೆ 1861ರ ಕಾಯ್ದೆಯೊಂದರಡಿ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಬ್ರಿಟನ್ನಿನ ನಿಯಮ ಫಿಕ್ಸೆಡ್ ಹಿಂಚಕ್ರವನ್ನು ಒಂದು ಬ್ರೇಕೆಂದು ಒಪ್ಪುತ್ತದೆ, ಆದರೆ ಮುಂದಿನ ಬ್ರೇಕ್ ಇರಲೇಬೇಕು ಎನ್ನುತ್ತದೆ. ಇದು ಸರಿಯಾದ ನಿಯಮ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 2006ರಲ್ಲಿ ಮೆಸೆಂಜರ್ ಒಬ್ಬಾಕೆಗೆ ಬ್ರೇಕಿಲ್ಲವೆಂದು ದಂಡ ಹಾಕಿದಾಗ, ಕಾಲು ಮತ್ತು ಗೇರ್ ಸೇರಿದರೆ ಅದೇ ಬ್ರೇಕ್ ಎಂದು ಅವಳ ವಕೀಲರು ವಾದಿಸಿದರು. ನ್ಯಾಯಾಧೀಶರು ಒಪ್ಪಲಿಲ್ಲ. ವಾದ ಜಾಣತನದ್ದು, ತೀರ್ಪು ಸರಿಯಾದದ್ದು ಎಂದೇ ನನ್ನ ಎಣಿಕೆ. ನೋಡಿ, ಈ ಸೈಕಲ್ಲಿಗೆ ಮುಂದಿನ ಬ್ರೇಕ್ ಇದೆ.

ಅಪಾಯದ ಹೊಣೆಯನ್ನು ಸವಾರರ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. 1987ರಲ್ಲಿ ನ್ಯೂಯಾರ್ಕಿನ ಮೇಯರ್ ಎಡ್ ಕಾಚ್, ಫಿಫ್ತ್, ಪಾರ್ಕ್ ಮತ್ತು ಮ್ಯಾಡಿಸನ್ ಅವೆನ್ಯೂಗಳ ನಡುಭಾಗದಲ್ಲಿ ಕೆಲಸದ ದಿನಗಳಂದು ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಸೈಕಲ್ ನಿಷೇಧಿಸುವುದಾಗಿ ಸಾರಿದರು. ಮೆಸೆಂಜರ್‌ಗಳು ಗುಂಪುಗೂಡಿ ಬೀದಿ ತುಂಬ ನಿಧಾನವಾಗಿ ಸೈಕಲ್ ಹೊಡೆದು ಪ್ರತಿಭಟಿಸಿದರು, ನ್ಯಾಯಾಲಯ ನಿಷೇಧಕ್ಕೆ ತಡೆ ಹಾಕಿತು. ಸಿಗ್ನಲ್ ಮುರಿದು ನುಗ್ಗುವ ಹುಡುಗನನ್ನು ಎಲ್ಲರೂ ಕಂಡರು. ಲಕೋಟೆಯ ಎಣಿಕೆಯಲ್ಲಿ ಕೂಲಿ ಕೊಟ್ಟು, ಇಪ್ಪತ್ತು ನಿಮಿಷದಲ್ಲಿ ಬರಲಿ ಎಂದು ಫೋನ್ ಮಾಡಿದವರು ಹತ್ತನೇ ಮಹಡಿಯಲ್ಲಿ ಕೂತಿದ್ದರು. ನಾನೂ ಅಂಥದೊಂದು ಮಹಡಿಯಲ್ಲಿ ಕೂತು ಲಕೋಟೆಗಾಗಿ ಕಾದವನೇ.

ಮುಂದಿನದನ್ನು ಬೇಗ ಹೇಳುತ್ತೇನೆ. ಫ್ಯಾಕ್ಸ್ ಬಂತು, ಆಮೇಲೆ ಇಮೇಲ್ ಬಂತು, ಲಕೋಟೆಗಳು ಕಡಿಮೆಯಾದವು. 2000ದ ನಂತರ ಫಿಕ್ಸೆಡ್ ಸೈಕಲ್ ಬಣ್ಣಬಣ್ಣದ ರಿಮ್ಮುಗಳೊಂದಿಗೆ ಅಂಗಡಿಯ ಗಾಜಿನ ಹಿಂದೆ ನಿಂತಿತು. ಕೊಂಡು ಓಡಿಸಿದವರ ಬಗ್ಗೆ ನನಗೆ ಬೇಸರವಿಲ್ಲ, ಸೈಕಲ್ ಹತ್ತಿದವರೆಲ್ಲ ನನ್ನವರೇ. ಎಲ್ಲ ಮೆಸೆಂಜರ್‌ಗಳೂ ಫಿಕ್ಸೆಡ್ ಓಡಿಸಿದರೆಂದೂ ತಿಳಿಯಬೇಡಿ. ಗೇರ್ ಸೈಕಲ್, ಮೌಂಟನ್ ಬೈಕ್ ಇಟ್ಟುಕೊಂಡವರೂ ಬಹಳವಿದ್ದರು. 1993ರಲ್ಲಿ ಬರ್ಲಿನ್ನಿನಲ್ಲಿ ಮೊದಲ ವಿಶ್ವ ಮೆಸೆಂಜರ್ ಚಾಂಪಿಯನ್‌ಷಿಪ್ ನಡೆದಾಗಿನಿಂದ ಇಂದಿನವರೆಗೆ ಅವರ ಕೂಟಗಳಲ್ಲಿ ಎಲ್ಲ ಬಗೆಯ ಸೈಕಲ್ಲುಗಳೂ ಕಾಣುತ್ತವೆ.

ಇವತ್ತು ನ್ಯೂಯಾರ್ಕಿನಲ್ಲಿ ಊಟ ಮುಟ್ಟಿಸುವವರ ಕೆಳಗಿರುವುದು ಹೆಚ್ಚಾಗಿ ವಿದ್ಯುತ್ ಸೈಕಲ್. ಕಾರಣ ಮತ್ತೆ ಕೂಲಿಯೇ. ಸರದಿ ಉದ್ದ, ದೂರ ಹೆಚ್ಚು, ಹನ್ನೆರಡು ಗಂಟೆ ಯಾರ ಕಾಲೂ ತುಳಿಯಲಾರದು. 2023ರಲ್ಲಿ ಆ ನಗರ ಅವರಿಗೆ ಗಂಟೆಗೆ 17.96 ಡಾಲರಿನ ಕನಿಷ್ಠ ಕೂಲಿಯನ್ನು ಜಾರಿಗೆ ತಂದಿತು. ಬೆಂಗಳೂರಿನ ರಸ್ತೆಗಳಲ್ಲಿ ಬೆನ್ನಿಗೆ ಚೌಕದ ಚೀಲ ಹೊತ್ತು ಹೋಗುವವರನ್ನು ಕಂಡಾಗ ಅವರ ಗಾಡಿ ಯಾವುದು, ರಿಪೇರಿ ಯಾರ ಖರ್ಚು, ನಿಂತ ಗಂಟೆಗೆ ಏನು ಸಿಗುತ್ತದೆ ಎಂದು ನಾನು ಕೇಳಿಯೇ ಕೇಳುತ್ತೇನೆ. ಮೂರನೆಯ ಪ್ರಶ್ನೆಗೆ ಬಂದ ಉತ್ತರ ಪ್ರತಿಸಲವೂ ‘ಏನೂ ಇಲ್ಲ’ ಎಂಬುದೇ.

ಮುಂದಿನ ಸಾಲಿನಿಂದ ಮೊಣಕಾಲಿನ ಬಗ್ಗೆ ಪ್ರಶ್ನೆ ಬಂದಿದೆ. ಹೌದು, ವರ್ಷಗಟ್ಟಲೆ ಕಾಲನ್ನೇ ಬ್ರೇಕ್ ಮಾಡಿಕೊಂಡರೆ ಮೊಣಕಾಲು ನೋಯುತ್ತದೆ. ಭಾರದ ಗೇರ್ ಹಾಕಬೇಡಿ, ಮುಂದಿನ ಬ್ರೇಕ್ ಬಳಸಿ, ಆಗ ಮಂಡಿಗೆ ಅಷ್ಟು ಪೆಟ್ಟಿಲ್ಲ.

ಮಕ್ಕಳು ಆಗಲೇ ಮೇಜಿನ ಹತ್ತಿರ ಬಂದಿದ್ದಾರೆ. ಬನ್ನಿ, ಎಲ್ಲರೂ ತಿರುಗಿಸಿ ನೋಡಿ. ಒಂದು ಮಾತು ನೆನಪಿರಲಿ. ನಮ್ಮ ಊರಿನ ಸೈಕಲ್ಲಿನಲ್ಲಿ ಚೈನಿಗೆ ಬೆರಳು ಸಿಕ್ಕರೆ ಪೆಡಲ್ ನಿಲ್ಲುತ್ತದೆ, ಚಕ್ರ ತನ್ನಷ್ಟಕ್ಕೆ ಸುತ್ತುತ್ತದೆ. ಇದರಲ್ಲಿ ಹಾಗಲ್ಲ. ಚಕ್ರದ ಓಟ ಬೆರಳನ್ನು ಹಲ್ಲಿನೊಳಗೆ ಎಳೆದುಕೊಂಡೇ ಹೋಗುತ್ತದೆ. ಚಕ್ರ ತಿರುಗುತ್ತಿರುವಾಗ ಬಟ್ಟೆಯಿಂದ ಚೈನ್ ಒರೆಸಲು ಹೋಗಿ ಬೆರಳ ತುದಿ ಕಳೆದುಕೊಂಡ ಮೆಕ್ಯಾನಿಕ್‌ಗಳಿದ್ದಾರೆ. ಆದ್ದರಿಂದ ಪೆಡಲನ್ನು ಮಾತ್ರ ಮುಟ್ಟಿ, ಇನ್ನೊಂದು ಕೈ ಬೆನ್ನ ಹಿಂದಿರಲಿ. ಮೊದಲು ಯಾರು ಬರುತ್ತೀರಿ?